ಹಿಟ್ಟಿನ ಪೆಟ್ಟಿಗೆಯ ಬುದ್ಧಿ ಪೆಟ್ಟಿಗೆಯಲ್ಲೇ ಇರಲಿ

ಓದುಗರ ಪ್ರಶ್ನೆ, ಡೊಂಬಿವಲಿಯಿಂದ ಉತ್ತರ

ಪ್ರಶ್ನೆ: ಅಕ್ಕಾವ್ರಿಗೆ ನಮಸ್ಕಾರ. ನಾವು ಧಾರವಾಡದ ಕಡೆಯವರು, ಈಗ ಪುಣೆಯ ಕೋಥ್ರೂಡ್‌ನಲ್ಲಿದ್ದೇವೆ. ಡಿಸೆಂಬರ್ ಬಂತೆಂದರೆ ದೋಸೆ ಹಿಟ್ಟು ಉಬ್ಬುವುದೇ ಇಲ್ಲ. ಕಂಬಳಿ ಸುತ್ತಿಟ್ಟರೂ ಅಷ್ಟೆ. ಮಗ ಇಂಜಿನಿಯರಿಂಗ್ ಎರಡನೇ ವರ್ಷ. ಅವನೇ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಬಲ್ಬ್ ಇಟ್ಟು, ನೋಡ್‌ಎಂಸಿಯು ಎಂಬ ವೈಫೈ ಇರುವ ಪುಟ್ಟ ಕಂಪ್ಯೂಟರ್ ಬೋರ್ಡ್ ಕೂಡಿಸಿ, ಫೋನ್‌ನಲ್ಲಿ ಆಪ್ ಮಾಡಿಕೊಟ್ಟ. ಆಪ್ ಶಾಖ ನೋಡಿ ಬಲ್ಬ್ ಹಚ್ಚುತ್ತದೆ, ಆರಿಸುತ್ತದೆ. ಚೆನ್ನಾಗಿ ನಡೆದಿತ್ತು. ಮೊನ್ನೆ ರಾತ್ರಿ ಅವನು ಫೋನ್ ತೆಗೆದುಕೊಂಡು ಗೆಳೆಯನ ಮನೆಗೆ ಹೋದ. ಬೆಳಿಗ್ಗೆ ನೋಡಿದರೆ ಬಲ್ಬ್ ಉರಿಯುತ್ತಲೇ ಇದೆ, ಹಿಟ್ಟು ಮೇಲೆಲ್ಲ ಬೆಂದ ಹಾಗಾಗಿದೆ, ಥರ್ಮೋಕೋಲ್ ಒಂದು ಕಡೆ ಕರಗಿದೆ. ಇವರು ಅದನ್ನು ಮನೆಯಿಂದ ಹೊರಗೆ ಹಾಕು ಅನ್ನುತ್ತಿದ್ದಾರೆ. ಮಗ ಬೇಜಾರು ಮಾಡಿಕೊಂಡಿದ್ದಾನೆ. ಏನು ಮಾಡಬೇಕು?

ಉತ್ತರ: ಹೊರಗೆ ಹಾಕಬೇಡಿ. ಮಗನಿಗೆ ನನ್ನ ಕಡೆಯಿಂದ ಶಹಬ್ಬಾಸ್ ಹೇಳಿ. ಅವನು ಮಾಡಿದ್ದರಲ್ಲಿ ಮುಕ್ಕಾಲು ಭಾಗ ಸರಿಯಾಗಿಯೇ ಇದೆ. ಒಂದು ವಿಷಯ ಮಾತ್ರ ತಲೆಕೆಳಗಾಗಿದೆ. ಬಲ್ಬ್ ಯಾವಾಗ ಹತ್ತಬೇಕು, ಯಾವಾಗ ಆರಬೇಕು ಎಂದು ತೀರ್ಮಾನಿಸುವ ಕೆಲಸವನ್ನು ಅವನು ಫೋನ್‌ಗೆ ಕೊಟ್ಟಿದ್ದಾನೆ. ಪೆಟ್ಟಿಗೆ ಬರೀ ಫೋನ್ ಹೇಳಿದ್ದನ್ನು ಕೇಳುತ್ತದೆ. ಫೋನ್ ಮನೆಯಿಂದ ಹೋದಾಗ ಕೊನೆಯ ಮಾತು ‘ಹಚ್ಚು’ ಎಂದಿತ್ತು. ಆರಿಸು ಎನ್ನಲು ಆಮೇಲೆ ಯಾರೂ ಇರಲಿಲ್ಲ.

ನಾನು ಥಾಣೆ–ಬೇಲಾಪುರ ರಸ್ತೆಯ ಒಂದು ಕಾರ್ಖಾನೆಯಲ್ಲಿ ಇನ್‌ಸ್ಟ್ರುಮೆಂಟೇಶನ್ ವಿಭಾಗದಲ್ಲಿದ್ದವಳು. ಅಲ್ಲಿ ದೊಡ್ಡ ಕಂಟ್ರೋಲ್ ರೂಮ್ ಇತ್ತು, ಪರದೆಗಳಿದ್ದವು. ಆದರೂ ಟ್ಯಾಂಕ್ ಮಿತಿ ಮೀರಿ ಬಿಸಿಯಾದರೆ ಹೀಟರ್ ಕಡಿಯುವ ಸ್ವಿಚ್ ಟ್ಯಾಂಕ್‌ನ ಮೈಮೇಲೇ ಇರುತ್ತಿತ್ತು. ಪರದೆ ಸತ್ತರೂ ಅದು ತನ್ನ ಕೆಲಸ ಮಾಡಬೇಕು. ನಿಮ್ಮ ಹಿಟ್ಟಿನ ಪಾತ್ರೆಗೂ ಇದೇ ನಿಯಮ. ಎಷ್ಟು ಶಾಖ ಬೇಕು ಎಂದು ಫೋನ್ ಹೇಳಲಿ. ಅದನ್ನು ಕಾಯುವ ಕೆಲಸ ಬೋರ್ಡ್‌ನದು. ವೈಫೈ ಹೋದರೂ, ಫೋನ್ ಸ್ವಿಚ್ ಆಫ್ ಆದರೂ ಬೋರ್ಡ್ ಕಾಯುತ್ತಲೇ ಇರಬೇಕು.

ಇದು ಹೊಸ ವಿಚಾರವೂ ಅಲ್ಲ. ಹದಿನೇಳನೇ ಶತಮಾನದಲ್ಲೇ ಕಾರ್ನೆಲಿಸ್ ಡ್ರೆಬೆಲ್ ಎಂಬ ಡಚ್ಚರವನು ಮೊಟ್ಟೆಗೆ ಕಾವು ಕೊಡುವ ಒಲೆ ಮಾಡಿದ್ದ. ಒಳಗೆ ಬಿಸಿ ಏರಿದರೆ ಪಾದರಸ ಮೇಲಕ್ಕೆ ತಳ್ಳಿ ಗಾಳಿಯ ಕಿಂಡಿಯನ್ನು ಮುಚ್ಚುತ್ತಿತ್ತು, ಬೆಂಕಿ ತಗ್ಗುತ್ತಿತ್ತು. ವಿದ್ಯುತ್ತೇ ಇಲ್ಲದ ಕಾಲದ ಥರ್ಮೋಸ್ಟಾಟ್ ಅದು. ಅದರ ಬುದ್ಧಿಯೂ ಒಲೆಯ ಪಕ್ಕದಲ್ಲೇ ಇತ್ತು.

ಈಗ ಪೆಟ್ಟಿಗೆಗೆ ಬರೋಣ. ಬಲ್ಬ್ ಮನೆಯ ಕರೆಂಟಿನದೋ ಎಂದು ನೀವು ಬರೆದಿಲ್ಲ. ಇದ್ದರೆ ಮೊದಲು ಅದನ್ನು ತೆಗೆಸಿ. ಅಡುಗೆಮನೆ, ಒದ್ದೆ ಕೈ, ಕಲಿಯುತ್ತಿರುವ ಹುಡುಗ, 230 ವೋಲ್ಟ್: ಇವು ಒಟ್ಟಿಗೆ ಬೇಡವೇ ಬೇಡ. ನಾನಾ ಪೇಠದಲ್ಲಿ ಗಾಡಿ ಸಾಮಾನಿನ ಅಂಗಡಿಗಳಿವೆ. ಅಲ್ಲಿ ಕಾರಿನ ಇಂಡಿಕೇಟರ್‌ಗೆ ಹಾಕುವ 12 ವೋಲ್ಟ್ 21 ವಾಟ್ ಬಲ್ಬ್, ಅದರ ಹೋಲ್ಡರ್ ಎರಡೂ ಸಿಗುತ್ತವೆ. ಎಲ್‌ಇಡಿ ಕೊಟ್ಟಾರು, ಬೇಡ ಅನ್ನಿ. ನಮಗೆ ಬೇಕಾದ್ದು ಬಿಸಿ. ತಂತಿ ಇರುವ ಹಳೇ ಥರದ್ದೇ ಬೇಕು. ಅಡಾಪ್ಟರ್ ಎಲ್‌ಇಡಿ ಪಟ್ಟಿಗೆ ಬಳಸುವ 12 ವೋಲ್ಟ್ 5 ಆಂಪಿಯರ್‌ದು ಇರಲಿ. ಬಲ್ಬ್ ಉರಿಯುವಾಗ 2 ಆಂಪಿಯರ್ ಕೂಡ ಎಳೆಯುವುದಿಲ್ಲ. ಆದರೆ ತಣ್ಣಗಿರುವ ತಂತಿ ಹತ್ತುವ ಆ ಒಂದು ಕ್ಷಣ ಬಹಳ ಜಾಸ್ತಿ ಎಳೆಯುತ್ತದೆ. ಸಣ್ಣ ಅಡಾಪ್ಟರ್ ಅಲ್ಲೇ ಮುಗ್ಗರಿಸುತ್ತದೆ.

21 ವಾಟ್ ಸಾಕಾ ಎಂದು ಮಗ ಕೇಳಿಯೇ ಕೇಳುತ್ತಾನೆ. ಲೆಕ್ಕ ಹಾಕಿ ತೋರಿಸಿ. ಪೆಟ್ಟಿಗೆ ಪ್ರತಿ ಬದಿಗೆ 35 ಸೆಂಟಿಮೀಟರ್, ಥರ್ಮೋಕೋಲ್ ಎರಡೂವರೆ ಸೆಂಟಿಮೀಟರ್ ದಪ್ಪ ಎಂದುಕೊಳ್ಳಿ. ಹೊರಗಿಗಿಂತ ಒಳಗೆ ಒಂದು ಡಿಗ್ರಿ ಜಾಸ್ತಿ ಇಡಲು ಸುಮಾರು ಒಂದು ವಾಟ್ ಬೇಕು. ಪುಣೆಯಲ್ಲಿ ಚಳಿಗಾಲದ ರಾತ್ರಿ ಹೊರಗೆ 10–12 ಡಿಗ್ರಿಗೆ ಇಳಿದರೂ ಕಿಟಕಿ ಮುಚ್ಚಿದ ಅಡುಗೆಮನೆ 18ರ ಹತ್ತಿರ ಇರುತ್ತದೆ. ಒಳಗೆ 30 ಬೇಕೆಂದರೆ 12 ಡಿಗ್ರಿ ವ್ಯತ್ಯಾಸ, ಅಂದರೆ 12 ವಾಟ್ ಹೊರಗೆ ಸೋರಿ ಹೋಗುತ್ತದೆ. ಉಳಿದ 9 ವಾಟ್ ಹಿಟ್ಟನ್ನು ಬೆಚ್ಚಗೆ ಮಾಡುತ್ತದೆ. ಮೂರು ಕಿಲೋ ಹಿಟ್ಟು 20ರಿಂದ 30ಕ್ಕೆ ಏರಲು ಇದರಲ್ಲಿ ಮೂರು ಗಂಟೆ ಹಿಡಿಯುತ್ತದೆ. ಹಾಗಾಗಿ ಚಳಿಯಲ್ಲಿ ರುಬ್ಬುವಾಗಲೇ ಉಗುರುಬೆಚ್ಚಗಿನ ನೀರು ಹಾಕಿ. ಅರ್ಧ ಕೆಲಸ ಅಲ್ಲಿಗೇ ಮುಗಿಯಿತು.

ಶಾಖವನ್ನು 30ರ ಆಸುಪಾಸಿನಲ್ಲಿಡಿ. ಉದ್ದಿನ ಬೇಳೆಯ ಜೊತೆಗೇ ಬರುವ ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾ ಬಿಡುವ ಗಾಳಿಯೇ ಹಿಟ್ಟನ್ನು ಉಬ್ಬಿಸುವುದು. ಅದಕ್ಕೆ ಬೆಚ್ಚಗಿರಬೇಕು, ಬಿಸಿ ಆಗಬಾರದು. ಬೇಗ ಆಗಲಿ ಎಂದು 40ಕ್ಕೆ ಏರಿಸಿದರೆ ಹುಳಿ ಬಂದೀತು, ಉಬ್ಬು ಬರಲಿಕ್ಕಿಲ್ಲ.

ಬಲ್ಬ್ ಥರ್ಮೋಕೋಲ್‌ಗೆ ತಾಗಲೇಬಾರದು. ಥರ್ಮೋಕೋಲ್ 100 ಡಿಗ್ರಿ ಬರುವ ಮೊದಲೇ ಮೆತ್ತಗಾಗುತ್ತದೆ. ಬಲ್ಬಿನ ಗಾಜು ಅದಕ್ಕಿಂತ ಬಿಸಿ. ಒಂದು ಹಳೇ ಸ್ಟೀಲ್ ಡಬ್ಬಿಗೆ ಮೊಳೆಯಿಂದ ಸುತ್ತ ತೂತು ಹೊಡೆದು, ಬಲ್ಬನ್ನು ಅದರೊಳಗೆ ನಿಲ್ಲಿಸಿ. ಡಬ್ಬಿಯ ಕೆಳಗೆ ಒಂದು ಟೈಲ್ಸ್ ತುಂಡು ಇಡಿ. ನಾಲ್ಕೂ ಕಡೆ ಕೈ ಆಡುವಷ್ಟು ಜಾಗ ಬಿಡಿ.

ಇನ್ನು ಶಾಖ ಅಳೆಯುವ ಸೆನ್ಸರ್. ನಿಮ್ಮ ಮಗ ಹಾಕಿದ್ದು ನೀಲಿ ಜಾಲರಿಯ ಡಿಎಚ್‌ಟಿ11 ಆಗಿದ್ದರೆ ಬದಲಾಯಿಸಲಿ. ಅದು 2 ಡಿಗ್ರಿ ಆಚೀಚೆ ಹೇಳುತ್ತದೆ. 30 ಎಂದರೆ 28 ಕೂಡ ಆಗಬಹುದು, 32 ಕೂಡ ಆಗಬಹುದು. ಸ್ಟೀಲ್ ಕೊಳವೆಯೊಳಗೆ ಕೂತಿರುವ ಡಿಎಸ್18ಬಿ20 ತಗೊಳ್ಳಿ. ಅದರ ತಪ್ಪು ಅರ್ಧ ಡಿಗ್ರಿಯ ಒಳಗೆ. ಬುಧವಾರ ಪೇಠದ ತಪಕೀರ ಗಲ್ಲಿ ಸುತ್ತಮುತ್ತ ಸಿಗುತ್ತದೆ. ಮುಂಬೈಯವರು ಗ್ರಾಂಟ್ ರೋಡ್ ಸ್ಟೇಷನ್‌ನಿಂದ ನಡೆದುಕೊಂಡೇ ಲ್ಯಾಮಿಂಗ್ಟನ್ ರೋಡ್‌ಗೆ ಹೋಗಬಹುದು. ನಕಲಿ ಚಿಪ್‌ಗಳು ಬಹಳ ಇವೆ, ಅದಕ್ಕೆ ಮನೆಗೆ ತಂದ ಕೂಡಲೇ ಪರೀಕ್ಷೆ ಮಾಡಿ. ಸ್ಟೀಲ್ ಲೋಟಕ್ಕೆ ಜಜ್ಜಿದ ಐಸ್ ತುಂಬಿ, ತುಸುವೇ ನೀರು ಹಾಕಿ, ಸೆನ್ಸರ್ ತುದಿಯಿಂದ ಮೆಲ್ಲಗೆ ಕಲಕುತ್ತಾ ಇರಿ. ಅಂಕಿ ಇಳಿಯುತ್ತಾ ಬಂದು ಒಂದು ಕಡೆ ನಿಲ್ಲುತ್ತದೆ. ಸೊನ್ನೆಯಿಂದ ಅರ್ಧ ಡಿಗ್ರಿಯೊಳಗೆ ನಿಂತರೆ ಒಳ್ಳೆಯದು. ಕುದಿಯುವ ನೀರಿನಲ್ಲಿ 100 ಬರುತ್ತದಾ ಎಂದು ನೋಡಲು ಹೋಗಬೇಡಿ. ಪುಣೆ ಸಮುದ್ರಮಟ್ಟದಿಂದ 560 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆ. ಸುಮ್ನೆ ಒಳ್ಳೆಯ ಸೆನ್ಸರನ್ನು ಕೆಟ್ಟದ್ದು ಅಂದುಕೊಳ್ಳುತ್ತೀರಿ.

ಸೆನ್ಸರನ್ನು ಹಿಟ್ಟಿನೊಳಗೆ ಅದ್ದಬೇಡಿ. ಆ ಕೊಳವೆ ಆಹಾರಕ್ಕೆಂದು ಮಾಡಿದ್ದಲ್ಲ. ಪಾತ್ರೆಯ ಹೊರಮೈಗೆ, ಬಲ್ಬಿನ ಎದುರು ಬದಿಗೆ, ಟೇಪ್ ಸುತ್ತಿ ಗಟ್ಟಿಯಾಗಿ ಅಂಟಿಸಿ. ಕೆಂಪು ವೈರ್ 3.3 ವೋಲ್ಟ್‌ಗೆ, ಕಪ್ಪು ಗ್ರೌಂಡ್‌ಗೆ, ಹಳದಿ ಡಿ2 ಪಿನ್‌ಗೆ. ಕೆಂಪು ಮತ್ತು ಹಳದಿ ನಡುವೆ 4.7 ಕಿಲೋ ಓಮ್ ರೆಸಿಸ್ಟರ್ ಇರಲೇಬೇಕು. ಅದು ಇಲ್ಲದಿದ್ದರೆ ಓದುವಿಕೆ ಬರುವುದಿಲ್ಲ.

ಬೋರ್ಡ್ ಹೇಳಿದಂತೆ ಬಲ್ಬನ್ನು ಹಚ್ಚಿ ಆರಿಸುವ ಸ್ವಿಚ್ಚೇ ರಿಲೇ. ಅದರ ಸಿಗ್ನಲ್ ಡಿ1ಕ್ಕೆ ಕೊಡಿ. ನೋಡ್‌ಎಂಸಿಯುದಲ್ಲಿ ಡಿ3, ಡಿ4, ಡಿ8 ಪಿನ್‌ಗಳಿಗೆ ಬೋರ್ಡ್ ಶುರುವಾಗುವಾಗ ಬೇರೆ ಕೆಲಸ ಇರುತ್ತದೆ, ಅಲ್ಲಿ ರಿಲೇ ಹಾಕಿದರೆ ತಾನಾಗೇ ಟಕ್ ಟಕ್ ಅಂದೀತು. ಅಂಗಡಿಯಲ್ಲಿ 3.3 ವೋಲ್ಟ್ ಸಿಗ್ನಲ್‌ಗೆ ಕೆಲಸ ಮಾಡುವ ರಿಲೇ ಕೇಳಿ. ಬಲ್ಬಿನ ವೈರನ್ನು ರಿಲೇಯ ‘ಕಾಮನ್’ ಮತ್ತು ‘ನಾರ್ಮಲಿ ಓಪನ್’ ನಡುವೆ ಹಾಕಿ. ಬೋರ್ಡ್ ಸತ್ತರೆ ಬಲ್ಬ್ ತಾನಾಗೇ ಆರುವುದು ಹೀಗೆ ಹಾಕಿದಾಗ ಮಾತ್ರ. ಬೋರ್ಡ್‌ಗೆ 5 ವೋಲ್ಟ್ ಬೇಕು, ಅದೇ ಅಡಾಪ್ಟರ್‌ನಿಂದ ವೋಲ್ಟ್ ಇಳಿಸುವ ಬಕ್ ಕನ್ವರ್ಟರ್ ಮೂಲಕ ತಗೊಳ್ಳಿ. ಬೋರ್ಡ್ ಜೋಡಿಸುವ ಮುಂಚೆ ಕನ್ವರ್ಟರ್ ಮೇಲಿನ ಹಿತ್ತಾಳೆ ಸ್ಕ್ರೂ ತಿರುಗಿಸುತ್ತಾ, ಮಲ್ಟಿಮೀಟರ್‌ನಲ್ಲಿ 5 ಬರುವಂತೆ ಮಾಡಿಕೊಳ್ಳಬೇಕು. ಹಾಗೆ ಮಾಡದೆ ಜೋಡಿಸಿದರೆ ಬೋರ್ಡ್ ಸುಟ್ಟುಹೋದೀತು.

ಬಲ್ಬಿನ ವೈರ್‌ನಲ್ಲೇ ಇನ್ನೊಂದು ಚಿಕ್ಕ ಸಾಮಾನು ಸೇರಿಸಿ: ಕೆಎಸ್‌ಡಿ301, 50 ಡಿಗ್ರಿಯದು, ‘ನಾರ್ಮಲಿ ಕ್ಲೋಸ್ಡ್’. ಬಟನ್ ಗಾತ್ರದ ಸ್ವಿಚ್. ಒಳಗೆ ಎರಡು ಲೋಹ ಸೇರಿಸಿದ ಬಿಲ್ಲೆ ಇರುತ್ತದೆ, ಬಿಸಿಗೆ ಬಾಗಿ ಕರೆಂಟ್ ಕಡಿಯುತ್ತದೆ. ಅದನ್ನು ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಸಿ. ಪ್ರೋಗ್ರಾಂ ತಪ್ಪಲಿ, ರಿಲೇ ಅಂಟಿಕೊಳ್ಳಲಿ, ಇದು ಕಡಿಯುತ್ತದೆ. ಇದಿಲ್ಲದೆ ರಾತ್ರಿ ಪೆಟ್ಟಿಗೆ ಹಚ್ಚಿಟ್ಟು ಮಲಗಬೇಡಿ. ನಿಮ್ಮ ಯಜಮಾನರಿಗೂ ಈ ಸ್ವಿಚ್ ತೋರಿಸಿ, ಅವರ ಹೆದರಿಕೆ ನ್ಯಾಯವಾದದ್ದೇ.

ಪ್ರೋಗ್ರಾಂ ವಿಷಯ ಮಗನಿಗೆ ಓದಿ ಹೇಳಿ. 30 ಬೇಕೆಂದರೆ 30ಕ್ಕೇ ಹಚ್ಚಿ 30ಕ್ಕೇ ಆರಿಸಬಾರದು. ಹಾಗೆ ಮಾಡಿದರೆ ಅಂಕಿ 29.9, 30.0, 29.9 ಎಂದು ಆಡುತ್ತಾ ರಿಲೇ ರಾತ್ರಿಯೆಲ್ಲ ಕಟಕಟ ಅನ್ನುತ್ತದೆ. 29ಕ್ಕೆ ಹಚ್ಚಲಿ, 31ಕ್ಕೆ ಆರಿಸಲಿ, ನಡುವೆ ಇದ್ದಾಗ ಇದ್ದ ಹಾಗೇ ಇರಲಿ. ಸೆನ್ಸರ್ ವೈರ್ ಕಿತ್ತುಹೋದರೆ ಅದನ್ನು ಓದುವ ಸಿದ್ಧ ಪ್ರೋಗ್ರಾಂ (ಲೈಬ್ರರಿ) ಮೈನಸ್ 127 ಎಂದು ಕೊಡುತ್ತದೆ. ‘ಅಯ್ಯೋ ಬಹಳ ಚಳಿ’ ಎಂದುಕೊಂಡು ಪ್ರೋಗ್ರಾಂ ಬಲ್ಬ್ ಹಚ್ಚಿಬಿಡುತ್ತದೆ! ಹಾಗಾಗಿ ಮೊದಲ ಸಾಲಲ್ಲೇ ಬರೆಯಬೇಕು: ಸೊನ್ನೆಗಿಂತ ಕೆಳಗೆ ಬಂದರೆ ಆರಿಸು, 50 ದಾಟಿದರೆ ಆರಿಸು. ಸೆನ್ಸರ್ ಆಗಷ್ಟೇ ಎದ್ದಾಗ 85 ಎಂಬ ಸುಳ್ಳು ಅಂಕಿಯನ್ನೂ ಕೊಡುವುದುಂಟು, ಅದನ್ನು ಲೆಕ್ಕಕ್ಕೆ ತಗೊಳ್ಳಬಾರದು. ಬಲ್ಬ್ ಒಂದು ಗಂಟೆ ಉರಿದರೂ ಒಂದು ಡಿಗ್ರಿಯೂ ಏರಲಿಲ್ಲ ಎಂದರೆ ಸೆನ್ಸರ್ ಪಾತ್ರೆಯಿಂದ ಕಳಚಿ ಬಿದ್ದಿರಬಹುದು, ಆಗಲೂ ಆರಿಸಿ ಫೋನ್‌ಗೆ ತಿಳಿಸಲಿ. ತೀರಾ ಚಳಿ ಇರುವ ದಿನ ಇದು ಸುಮ್ಮನೆ ಆರಿಸಿಬಿಡಬಹುದು. ಪರವಾಗಿಲ್ಲ, ಒಂದು ದಿನ ದೋಸೆ ತಪ್ಪೀತು ಅಷ್ಟೆ.

ಪ್ರೋಗ್ರಾಂನಲ್ಲಿ ‘ಡಿಲೇ’ ಎಂಬ ಆಜ್ಞೆ ಬಳಸಿ ಬೋರ್ಡನ್ನು ನಿಮಿಷಗಟ್ಟಲೆ ನಿಲ್ಲಿಸಬಾರದು. ಬೋರ್ಡ್ ನಿದ್ದೆಯಲ್ಲಿದ್ದರೆ ಫೋನ್ ಕರೆದರೂ ಓಗೊಡುವುದಿಲ್ಲ. ಬೋರ್ಡಿನ ಗಡಿಯಾರವಾದ ‘ಮಿಲಿಸ್’ ನೋಡಿ ಎರಡು ಸೆಕೆಂಡಿಗೊಮ್ಮೆ ಶಾಖ ಓದಲಿ.

ಆಪ್ ಬಗ್ಗೆ ಬಹಳ ತಲೆ ಕೆಡಿಸಿಕೊಳ್ಳಬೇಡಿ. ಬೋರ್ಡೇ ಒಂದು ಚಿಕ್ಕ ವೆಬ್ ಪುಟ ತೋರಿಸಬಲ್ಲದು. ಮನೆಯ ವೈಫೈನಲ್ಲಿ ಫೋನ್‌ನಿಂದ ಅದನ್ನು ತೆರೆದು ಹೋಮ್ ಸ್ಕ್ರೀನ್‌ಗೆ ಹಾಕಿಕೊಂಡರೆ ಆಪ್ ಹಾಗೇ ಕಾಣುತ್ತದೆ. ಈಗಿನ ಶಾಖ, ಬೇಕಾದ ಶಾಖ, ಅದನ್ನು ಏರಿಸಲು ಇಳಿಸಲು ಎರಡು ಬಟನ್, ಬಲ್ಬ್ ಉರಿಯುತ್ತಿದೆಯೋ ಇಲ್ಲವೋ. ಅಷ್ಟು ಸಾಕು. ರೌಟರ್‌ನಲ್ಲಿ ಬೋರ್ಡ್‌ಗೆ ಒಂದೇ ವಿಳಾಸ ಕಾಯಂ ಮಾಡಿಡಿ, ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗ ಪುಟ ಸಿಗದೇ ಹೋದೀತು. ವೈಫೈ 2.4 ಗಿಗಾಹರ್ಟ್ಸ್‌ದೇ ಬೇಕು, ಈ ಬೋರ್ಡ್‌ಗೆ 5 ಗಿಗಾಹರ್ಟ್ಸ್ ಕಾಣುವುದೇ ಇಲ್ಲ. ಫೋನ್ ಕಳಿಸಿದ ಅಂಕಿಯನ್ನು ಬೋರ್ಡ್ ಕಣ್ಣು ಮುಚ್ಚಿ ನಂಬಬಾರದು. ಬೆರಳು ತಪ್ಪಿ 30ರ ಬದಲು 300 ಬಂದರೂ 25ರಿಂದ 35ರ ಒಳಗಿನದನ್ನಷ್ಟೇ ಒಪ್ಪಬೇಕು. ಒಪ್ಪಿದ ಅಂಕಿಯನ್ನು ಫ್ಲಾಶ್ ಮೆಮೊರಿಯಲ್ಲಿ ಬರೆದಿಡಲಿ, ಕರೆಂಟ್ ಹೋಗಿ ಬಂದರೂ ನೆನಪಿರುತ್ತದೆ. ಅಂಕಿ ಬದಲಾದಾಗ ಮಾತ್ರ ಬರೆಯಲಿ, ಫ್ಲಾಶ್‌ಗೆ ಬರೆಯುವುದಕ್ಕೆ ಮಿತಿ ಇದೆ.

ಕಾಲೇಜಿನಿಂದಲೂ ನೋಡಬೇಕು ಎಂದು ಮಗ ಹಟ ಮಾಡಿದರೆ, ಯಂತ್ರಗಳು ಚಿಕ್ಕ ಚಿಕ್ಕ ಸಂದೇಶ ಕಳಿಸುವ ಎಂಕ್ಯೂಟಿಟಿ ಎಂಬ ಪದ್ಧತಿ ಕಲಿಯಲಿ. 1999ರಲ್ಲಿ ಎಣ್ಣೆ ಪೈಪ್‌ಲೈನ್‌ಗಳನ್ನು ಉಪಗ್ರಹದ ಮೂಲಕ ನೋಡಿಕೊಳ್ಳಲು ಹುಟ್ಟಿದ್ದು ಅದು, ದುರ್ಬಲ ನೆಟ್‌ವರ್ಕ್‌ನಲ್ಲೂ ನಡೆಯುತ್ತದೆ. ರೌಟರ್‌ನಲ್ಲಿ ಬಾಗಿಲು ತೆರೆದು ಬೋರ್ಡನ್ನು ನೇರವಾಗಿ ಇಂಟರ್ನೆಟ್‌ಗೆ ಬಿಡುವುದು ಮಾತ್ರ ಬೇಡ.

ಪ್ರಶ್ನೆ: ಗೋವಾದ ವಾಸ್ಕೋದಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ. ಬಾತ್‌ರೂಮಿನ 15 ಲೀಟರ್ ಗೀಸರ್ 2000 ವಾಟ್‌ನದು. ಇದೇ ಥರ ಬೋರ್ಡ್, ನೀಲಿ ರಿಲೇ ಹಾಕಿ ಫೋನ್‌ನಿಂದ ನಡೆಸಬಹುದಾ? ರಿಲೇ ಮೇಲೆ 10 ಆಂಪಿಯರ್ ಎಂದು ಬರೆದಿದೆ.

ಉತ್ತರ: ಬೇಡ. 2000 ವಾಟ್ ಎಂದರೆ 230 ವೋಲ್ಟ್‌ನಲ್ಲಿ 8.7 ಆಂಪಿಯರ್, ಅದೂ ಒಂದೇ ಸಮನೆ. ರಿಲೇ ತಡೆದರೂ ಅದರ ಬೋರ್ಡ್ ಮೇಲಿನ ತೆಳು ತಾಮ್ರದ ಗೆರೆ, ಸಡಿಲವಾದ ಸ್ಕ್ರೂ ತಡೆಯುತ್ತವೆ ಎಂದು ಹೇಳಲಾಗದು. ನಿಮ್ಮಲ್ಲಿ ಮಳೆಗಾಲದ ತೇವ, ಸಮುದ್ರದ ಉಪ್ಪು ಗಾಳಿ ಬೇರೆ, ಟರ್ಮಿನಲ್‌ಗಳು ಬೇಗ ಹಸಿರು ಹಿಡಿಯುತ್ತವೆ. ಗೀಸರ್ ಒಳಗೆ ಅದರದ್ದೇ ಥರ್ಮೋಸ್ಟಾಟ್, ಕಟ್‌ಔಟ್ ಇವೆ, ಅವನ್ನು ಮುಟ್ಟಬೇಡಿ. ಫೋನ್‌ನಿಂದ ಬೇಕೇ ಬೇಕೆಂದರೆ ಐಎಸ್‌ಐ ಗುರುತಿನ 16 ಆಂಪಿಯರ್ ಸ್ಮಾರ್ಟ್ ಪ್ಲಗ್ ಕೊಳ್ಳಿ, ಬಾತ್‌ರೂಮಿನ ಹೊರಗಿನ ಸಾಕೆಟ್‌ಗೆ ಹಾಕಿ. ಅದಕ್ಕೂ ಮುಂಚೆ ಎಲೆಕ್ಟ್ರಿಷಿಯನ್ ಕರೆದು ಅರ್ಥಿಂಗ್ ಸರಿ ಇದೆಯಾ, 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗೇ ಕಡಿಯುವ ಸ್ವಿಚ್) ಇದೆಯಾ ನೋಡಿಸಿ. ಇಲ್ಲದಿದ್ದರೆ ಮನೆ ಮಾಲೀಕರನ್ನು ಕೇಳಿ ಹಾಕಿಸಿ.

ಪ್ರಶ್ನೆ: ಮೇಡಂ, ನಾವು ಮುಲುಂಡ್‌ನಲ್ಲಿದ್ದೇವೆ. ಅಪ್ಪನಿಗೆ ಕಣ್ಣು ಮಂಜು, ಎಸಿ ರಿಮೋಟಿನ ಬಟನ್ ಕಾಣುವುದಿಲ್ಲ. ನಾನು ಆಫೀಸಿನಿಂದ, ಲೋಕಲ್‌ನಿಂದ ಎಸಿ ಹಚ್ಚಿ 26ಕ್ಕೆ ಇಡುವ ಹಾಗೆ ಮಾಡಬೇಕು. ಕೋಣೆಯಲ್ಲಿ ಸೆನ್ಸರ್ ಇಟ್ಟು ಎಸಿ ಪ್ಲಗ್‌ಗೆ ರಿಲೇ ಹಾಕಲಾ?

ಉತ್ತರ: ಪ್ಲಗ್‌ಗೆ ಕೈ ಹಾಕಬೇಡಿ. ಕಂಪ್ರೆಸರ್ ಓಡುತ್ತಿರುವಾಗ ಕರೆಂಟ್ ಕಡಿದು, ತಕ್ಷಣ ಮತ್ತೆ ಕೊಡುವುದು ಅದಕ್ಕೆ ಒಳ್ಳೆಯದಲ್ಲ. ನಿಲ್ಲಿಸಿದ ಮೇಲೆ ಮೂರು ನಿಮಿಷವಾದರೂ ಬಿಡುವು ಬೇಕು. ಎಸಿಯೊಳಗೆ ಈಗಾಗಲೇ ಒಳ್ಳೆಯ ಥರ್ಮೋಸ್ಟಾಟ್ ಇದೆ, ಅದರ ಕೆಲಸ ಅದು ಮಾಡಲಿ. ನಿಮಗೆ ಬೇಕಾದ್ದು ಇನ್ನೊಂದು ರಿಮೋಟ್ ಮಾತ್ರ.

ನೋಡ್‌ಎಂಸಿಯು ಥರದ ಒಂದು ಇಎಸ್‌ಪಿ ಬೋರ್ಡ್, ಒಂದು ಇನ್‌ಫ್ರಾರೆಡ್ ಎಲ್‌ಇಡಿ, ನಡುವೆ ಒಂದು ಟ್ರಾನ್ಸಿಸ್ಟರ್, ರೆಸಿಸ್ಟರ್. ಪಿನ್‌ನಿಂದ ನೇರವಾಗಿ ಎಲ್‌ಇಡಿ ಕೊಟ್ಟರೆ ಬೆಳಕು ಸಾಕಾಗುವುದಿಲ್ಲ, ಕೋಣೆಯ ಆಚೆ ಗೋಡೆ ತನಕ ಮುಟ್ಟುವುದಿಲ್ಲ. ಮೊದಲು ನಿಮ್ಮ ರಿಮೋಟಿನ ಭಾಷೆ ತಿಳಿಯಬೇಕು. ಟಿಎಸ್‌ಒಪಿ1738 ಎಂಬ ಮೂರು ಕಾಲಿನ ರಿಸೀವರ್ ಜೋಡಿಸಿ, ಐಆರ್‌ರಿಮೋಟ್‌ಇಎಸ್‌ಪಿ8266 ಲೈಬ್ರರಿಯ ಜೊತೆ ಬರುವ ‘ಡಂಪ್’ ಎಂಬ ಮಾದರಿ ಪ್ರೋಗ್ರಾಂ ಓಡಿಸಿ, ರಿಮೋಟ್ ಒತ್ತಿ. ಬಹಳ ಕಂಪನಿಗಳ ಎಸಿಗಳನ್ನು ಅದು ಗುರುತು ಹಿಡಿಯುತ್ತದೆ. ಎಲ್‌ಇಡಿ ಉರಿಯುತ್ತಿದೆಯಾ ಎಂದು ಕಣ್ಣಿಗೆ ಕಾಣುವುದಿಲ್ಲ. ಫೋನಿನ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ, ನಸು ನೇರಳೆ ಬಣ್ಣದಲ್ಲಿ ಮಿನುಗುತ್ತದೆ.

ಟಿವಿ ರಿಮೋಟ್ ಒಂದೊಂದೇ ಬಟನ್ ಕಳಿಸುತ್ತದೆ. ಹೆಚ್ಚಿನ ಎಸಿ ರಿಮೋಟ್ ಹಾಗಲ್ಲ. ಆನ್, ಕೂಲ್, 26, ಫ್ಯಾನ್ ಮೆಲ್ಲಗೆ ಎಂದು ಇಡೀ ಸ್ಥಿತಿಯನ್ನು ಪ್ರತಿ ಸಲ ಕಳಿಸುತ್ತದೆ. ಇದರಿಂದ ನಿಮಗೆ ಅನುಕೂಲ. ಒಂದು ಸಂದೇಶ ತಪ್ಪಿದರೂ ಮುಂದಿನದರಲ್ಲಿ ಎಲ್ಲಾ ಸರಿಯಾಗುತ್ತದೆ. ಆದರೆ ಎಸಿ ಕೇಳಿಸಿಕೊಂಡಿತೋ ಇಲ್ಲವೋ ನಿಮ್ಮ ಬೋರ್ಡ್‌ಗೆ ತಿಳಿಯದು. ಕೋಣೆಯಲ್ಲಿ ಸೆನ್ಸರ್ ಇಡುವ ನಿಮ್ಮ ವಿಚಾರ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹದಿನೈದು ನಿಮಿಷ ಕಳೆದರೂ ಶಾಖ ಇಳಿಯದಿದ್ದರೆ ಇನ್ನೊಮ್ಮೆ ಕಳಿಸಿ, ಫೋನ್‌ಗೂ ತಿಳಿಸಲಿ. ಆಗ ಅಪ್ಪನಿಗೆ ಒಂದು ಫೋನ್ ಮಾಡಿ ಕೇಳಬಹುದು.

26 ಒಳ್ಳೆಯ ಆಯ್ಕೆ. 2020ರ ಜನವರಿಯಿಂದ ನಮ್ಮಲ್ಲಿ ಸ್ಟಾರ್ ಲೇಬಲ್ ಇರುವ ರೂಮ್ ಎಸಿಗಳು 24ರಲ್ಲೇ ಶುರುವಾಗಬೇಕೆಂಬ ನಿಯಮವಿದೆ. ವಯಸ್ಸಾದವರಿಗೆ ಇನ್ನೆರಡು ಡಿಗ್ರಿ ಮೇಲಿದ್ದರೆ ಹಿತ, ಬಿಲ್ಲೂ ಇಳಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ ಆ ಬೋರ್ಡ್‌ಗೆ ಒಂದು ದೊಡ್ಡ ಬಟನ್ ಹಾಕಿ, ಆಟದ ಯಂತ್ರಗಳಲ್ಲಿರುತ್ತದಲ್ಲ, ಅಂಗೈ ಅಗಲದ ಬಣ್ಣದ ಬಟನ್, ಅಂಥದ್ದು. ಒಮ್ಮೆ ಒತ್ತಿದರೆ 26ಕ್ಕೆ ಎಸಿ ಆನ್, ಇನ್ನೊಮ್ಮೆ ಒತ್ತಿದರೆ ಆಫ್. ಕುರ್ಲಾ ಹತ್ತಿರ ನಿಮ್ಮ ಫೋನ್‌ಗೆ ನೆಟ್‌ವರ್ಕ್ ಸಿಗದಿದ್ದರೂ ಅಪ್ಪ ಸೆಕೆಯಲ್ಲಿ ಕೂರಬೇಕಾಗಿಲ್ಲ. ನೆಟ್ ಇಲ್ಲದಿದ್ದಾಗಲೂ ಬಟನ್ ಕೆಲಸ ಮಾಡುವಂತೆ ಬರೆಯಿರಿ, ವೈಫೈ ಸಿಗುವ ತನಕ ಕಾಯುತ್ತಾ ನಿಲ್ಲುವ ಪ್ರೋಗ್ರಾಂ ಬೇಡ. ಬಟನ್ ಮಂಚದ ಯಾವ ಬದಿಗೆ ಬೇಕು ಎಂದು ಅಪ್ಪನನ್ನೇ ಕೇಳಿ, ಆಮೇಲೆ ವೈರ್ ಕತ್ತರಿಸಿ.